ಪಾರದರ್ಶಕ ವಾಹಕಗಳ ಪೂರ್ವಕಥೆ

ದೇವರ ಪಟಗಳಿಗೆ ಅಂಟಿಸುವಂಥ ಅಪ್ಪಟ ಚಿನ್ನದ ರೇಕನ್ನು ದೀಪದ ಇದಿರಿಗೆ ಹಿಡಿದು ನೋಡಿದವರಿಗೆ ಒಂದು ವಿಸ್ಮಯವು ಗೋಚರವಾಗುತ್ತದೆ. ಮೇಲಿನಿಂದ ಹೊಂಬಣ್ಣವಾಗಿ ಥಳಥಳಿಸುವ ಅದೇ ರೇಕು, ಬೆಳಕನ್ನು ತನ್ನ ಮೂಲಕ ಹಾಯಿಸುವಾಗ ಹಸುರಾಗಿ ತೋರುತ್ತದೆ. ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯು 1857ರಲ್ಲಿ ರಾಯಲ್ ಸೊಸೈಟಿಯ ಮುಂದೆ ಮಂಡಿಸಿದ ಉಪನ್ಯಾಸದಲ್ಲಿ ಚಿನ್ನವೂ ಬೆಳಕೂ ಪರಸ್ಪರ ನಡೆದುಕೊಳ್ಳುವ ಈ ಪರಿಯನ್ನೇ ವಿಸ್ತಾರವಾಗಿ ವಿವೇಚಿಸಿದನು. ಆದರೆ ಲೋಹವು ತನ್ನ ಮೈಯನ್ನು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟಕ್ಕೆ ಕೃಶಗೊಳಿಸಿಕೊಂಡಾಗ ಮಾತ್ರ ಬೆಳಕಿಗೆ ಇಷ್ಟಾದರೂ ಎಡೆಗೊಡುತ್ತದೆ. ಅದಕ್ಕಿಂತ ದಪ್ಪವಾದರೆ ಬಾಗಿಲು ಮುಚ್ಚಿತೆಂದೇ ಅರ್ಥ. ಚಿನ್ನ, ಬೆಳ್ಳಿ, ತಾಮ್ರಗಳು ವಿದ್ಯುತ್ತನ್ನು ಒಯ್ಯುತ್ತವೆ, ಬೆಳಕನ್ನು ತಡೆಯುತ್ತವೆ. ಗಾಜು, ಅಭ್ರಕ, ವಜ್ರಗಳು ಬೆಳಕನ್ನು ಬಿಡುತ್ತವೆ, ವಿದ್ಯುತ್ತನ್ನು ತಡೆಯುತ್ತವೆ. ಉಪ್ಪುನೀರು ಎರಡನ್ನೂ ಬಿಡುವುದು ನಿಜವಾದರೂ ಅಲ್ಲಿ ಚಲಿಸುವುದು ಕರಗಿದ ಉಪ್ಪಿನ ಅಯಾನುಗಳೇ ಹೊರತು ಸ್ವತಂತ್ರ ಎಲೆಕ್ಟ್ರಾನುಗಳಲ್ಲ. ಆದುದರಿಂದ ಅದನ್ನು ಈ ಲೆಕ್ಕಕ್ಕೆ ಹಿಡಿಯಲಾಗದು. ಘನಪದಾರ್ಥಗಳ ಮಟ್ಟಿಗೆ ಒಂದು ಗುಣವಿದ್ದಲ್ಲಿ ಇನ್ನೊಂದು ಇರದೆಂಬುದು ಪ್ರಕೃತಿಯ ಶಾಸನವೋ ಎಂಬಂತೆ ತೋರುತ್ತಿದ್ದಿತು.

ಈ ಶಾಸನಕ್ಕೆ ಅಪವಾದವನ್ನು ಹುಡುಕಿದವರ ಕಥೆಯನ್ನು ಹೇಳಬೇಕೆಂಬ ಇಚ್ಛೆ ನನಗೆ ಹುಟ್ಟಿದುದು ಮೋಟಾರಿನ ಮುಂಗಾಜಿಗೆ ಅಂಟಿಸಿದ ಒಂದು ಸಾಮಾನ್ಯ ಪಟ್ಟಿಯಿಂದ. 2021ರ ಫೆಬ್ರವರಿ ಮಧ್ಯಭಾಗದಿಂದ ನಮ್ಮ ರಾಷ್ಟ್ರೀಯ ಹೆದ್ದಾರಿಗಳ ಸುಂಕದ ಕಟ್ಟೆಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗನ್ನು ಬಿಸಿಲಿಗೆ ಹಿಡಿದು ನೋಡಿದರೆ ಅದರೊಳಗೆ ಸಾಸಿವೆಗಿಂತ ಚಿಕ್ಕದಾದ ಒಂದು ಚಿಪ್ಪೂ, ಅದರ ಎರಡು ಮಗ್ಗುಲಿಗೆ ಚಾಚಿಕೊಂಡಿರುವ ಲೋಹದ ಅಂಕುಡೊಂಕು ಗೆರೆಗಳೂ ನೆರಳಾಗಿ ಕಾಣಿಸುತ್ತವೆ. ಆ ಗೆರೆಗಳೇ ಆಂಟೆನಾ. ಚಾಲಕನ ದೃಷ್ಟಿಗೆ ಅಡ್ಡವಾಗದಂತೆ ಪಟ್ಟಿಯನ್ನು ಕನ್ನಡಿಯ ಹಿಂದಕ್ಕೆ, ಮೂಲೆಗೆ, ಸರಿಸಿ ಅಂಟಿಸಬೇಕಾಗುತ್ತದೆ. ಗೆರೆಗಳು ಗಾಜಿನಷ್ಟೇ ತಿಳಿಯಾಗಿದ್ದಲ್ಲಿ ಈ ಸಂಕೋಚವೇ ಬೇಕಾಗುತ್ತಿರಲಿಲ್ಲ. ಅಂತಹ ವಸ್ತುವೊಂದು ಇಲ್ಲವೇ ಎಂದು ಕೇಳುವವರಿಗೆ, ಅದು 1907ರಿಂದಲೂ ಇದೆಯೆಂದೂ, ಇದ್ದೂ ಆಂಟೆನಾದ ಕೆಲಸಕ್ಕೆ ಸುಲಭವಾಗಿ ಒಗ್ಗಲಿಲ್ಲವೆಂದೂ ಉತ್ತರ ಹೇಳಬೇಕಾಗುತ್ತದೆ.

1907ರಲ್ಲಿ ಜರ್ಮನಿಯ ಲೈಪ್ಸಿಗ್ ನಗರದಲ್ಲಿ ಕಾರ್ಲ್ ಬೇಡೆಕರ್ ಎಂಬ ಮೂವತ್ತು ವರ್ಷದ ಭೌತವಿಜ್ಞಾನಿಯು ಭಾರಲೋಹಗಳ ಸಂಯುಕ್ತಗಳನ್ನು ಕುರಿತು ಒಂದು ದೀರ್ಘಲೇಖನವನ್ನು ಪ್ರಕಟಿಸಿದನು. ಹೆಸರು ನಮ್ಮ ನೆರೆಯ ಮಹಾರಾಷ್ಟ್ರದ ಮನೆತನವೊಂದರದೆಂಬಂತೆ ಕಿವಿಗೆ ಕೇಳಿಸಿದರೂ ಈತನು ಯೂರೋಪಿನ ಪ್ರವಾಸಿಗಳೆಲ್ಲರ ಕೈಯಲ್ಲಿರುತ್ತಿದ್ದ ಕೆಂಪು ರಟ್ಟಿನ ಪ್ರವಾಸದರ್ಶಿನಿಗಳನ್ನು ಅಚ್ಚುಮಾಡುತ್ತಿದ್ದ ಪ್ರಸಿದ್ಧ ಪ್ರಕಾಶಕ ವಂಶದ ಕುಡಿ. ವಂಶದ ವೃತ್ತಿಯು ಅನ್ಯರಿಗೆ ಹಾದಿ ತೋರಿಸುವುದು. ಈತನಾದರೋ ಯಾರೂ ತುಳಿಯದ ಹಾದಿಯನ್ನು ಹಿಡಿದನು. ಗಾಳಿಯನ್ನು ಬಹುಮಟ್ಟಿಗೆ ಹೊರದೂಡಿದ ಪಾತ್ರೆಯೊಳಗೆ ವಿದ್ಯುತ್ತಿನ ಆಘಾತದಿಂದ ಲೋಹದ ಕಣಗಳನ್ನು ಸಿಡಿಸಿ, ಗಾಜಿನ ತುಂಡಿನ ಮೇಲೆ ಕ್ಯಾಡ್ಮಿಯಂ ಲೋಹದ ತೆಳುವಾದ ಪೊರೆಯನ್ನು ಕೂರಿಸಿ, ಅನಂತರ ಅದನ್ನು ಕಾಯಿಸಿ ಆಮ್ಲಜನಕದೊಡನೆ ಸಂಯೋಗಗೊಳಿಸಿದಾಗ, ಕಪ್ಪಾಗಿದ್ದ ಪೊರೆಯು ತಿಳಿಯಾಗಿ ಬೆಳಕನ್ನು ಬಿಟ್ಟಿತು. ಹಾಗೆ ಬಿಟ್ಟಮೇಲೂ ವಿದ್ಯುತ್ತನ್ನು ಒಯ್ಯುವ ತನ್ನ ಗುಣವನ್ನು ತೊರೆಯಲಿಲ್ಲ. ಲೋಹವು ಕಿಲುಬು ಹಿಡಿದರೆ ವಾಹಕತ್ವವು ಕೆಡುವುದೆಂಬುದು ಲೋಕಾನುಭವ. ಆ ಕಿಲುಬೇ ವಾಹಕವಾಗಿ, ಮೇಲಾಗಿ ಪಾರದರ್ಶಕವೂ ಆಗಿ ನಿಂತದ್ದು ಅದೇ ಮೊದಲು.

ಬೇಡೆಕರನು ಅಷ್ಟಕ್ಕೇ ನಿಲ್ಲಲಿಲ್ಲ. ತಾಮ್ರದ ಅಯೊಡೈಡಿನ ಪೊರೆಯನ್ನು ಅಯೊಡೀನಿನ ಆವಿಗೆ ಒಡ್ಡಿದಾಗ ಅದರ ವಾಹಕತ್ವವು ಏರುವುದನ್ನೂ, ಆವಿಯನ್ನು ತೆಗೆದಾಗ ಇಳಿಯುವುದನ್ನೂ ಕಂಡು ದಾಖಲಿಸಿದನು. ಶುದ್ಧಪದಾರ್ಥಕ್ಕೆ ಅನ್ಯಾಂಶವನ್ನು ಅಳತೆಯರಿತು ಬೆರೆಸಿ ಅದರ ವಾಹಕತ್ವವನ್ನು ಬೇಕಾದಂತೆ ತಿದ್ದುವ ವಿದ್ಯೆಯು ಇಂದಿನ ಎಲ್ಲ ಎಲೆಕ್ಟ್ರಾನಿಕ್ ಉಪಕರಣಗಳ ಪ್ರಾಣವೆಂಬುದನ್ನು ನೆನೆದಾಗ, ಈ ಯುವಕನು ಎಂತಹ ಬಾಗಿಲಿನ ಬಳಿ ನಿಂತಿದ್ದನೆಂಬುದು ಮನವರಿಕೆಯಾಗುತ್ತದೆ. ಮುಂದೆ ಯೇನಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ ಆತನನ್ನು 1914ರ ಮಹಾಯುದ್ಧವು ಸೈನಿಕನನ್ನಾಗಿ ಕರೆದೊಯ್ದಿತು. ಯುದ್ಧವು ತೊಡಗಿದ ಕೆಲವೇ ದಿನಗಳಲ್ಲಿ, ಬೆಲ್ಜಿಯಂ ದೇಶದ ಲಿಯೇಜ್ ಕೋಟೆಯ ಬಳಿ ಆತನು ಮಡಿದನು. ಆಗ ವಯಸ್ಸು ಮೂವತ್ತೇಳು. ಆ ಒಂದು ಸಾವು ವಿಜ್ಞಾನಕ್ಕೆ ಎಷ್ಟು ವರ್ಷಗಳ ನಷ್ಟವನ್ನುಂಟುಮಾಡಿತೆಂದು ಲೆಕ್ಕಹಾಕುವುದು ಸಾಧ್ಯವಿಲ್ಲ. ಆದರೆ ಪಾರದರ್ಶಕ ವಾಹಕಗಳ ವಿಚಾರವು ಅನಂತರ ಸುಮಾರು ಎರಡು ದಶಕಗಳ ಕಾಲ ಯಾರೂ ಕೈಯಿಡದೆ ಉಳಿದದ್ದನ್ನು ಕಾಣುವಾಗ ಮನಸ್ಸು ನೊಂದುಕೊಳ್ಳುತ್ತದೆ.

ಕ್ಯಾಡ್ಮಿಯಂ ವಿಷಲೋಹವಾದುದರಿಂದ ಅದರ ಆಕ್ಸೈಡು ಮನೆಮನೆಗೆ ಬರುವ ವಸ್ತುವಾಗಲಾರದಾಗಿತ್ತು. ಆ ಪಟ್ಟಕ್ಕೆ ಬಂದದ್ದು ಬೇರೊಂದು ಲೋಹ. ಅದರ ಹೆಸರಿನಲ್ಲಿ ನಮ್ಮ ದೇಶದ ಹೆಸರೇ ಅಡಗಿಕೊಂಡಿದೆ. 1863ರಲ್ಲಿ ಸ್ಯಾಕ್ಸನಿಯ ಫ್ರೈಬರ್ಗಿನ ಗಣಿವಿದ್ಯಾಲಯದಲ್ಲಿ ಫರ್ಡಿನೆಂಡ್ ರೈಷ್ ಎಂಬ ಪ್ರಾಧ್ಯಾಪಕನು ಆ ಸೀಮೆಯ ಸತುವಿನ ಅದಿರಿನಲ್ಲಿ ಥ್ಯಾಲಿಯಂ ಇದೆಯೋ ಎಂದು ಶೋಧಿಸುತ್ತಿದ್ದನು. ಧಾತುವನ್ನು ಜ್ವಾಲೆಯಲ್ಲಿ ಉರಿಸಿ ಅದರ ಬೆಳಕನ್ನು ಪಟ್ಟಕದಿಂದ ಒಡೆದು, ಮೂಡುವ ಬಣ್ಣದ ಗೆರೆಗಳಿಂದ ಧಾತುವನ್ನು ಗುರುತಿಸುವ ರೋಹಿತವಿದ್ಯೆಯು ಆಗಷ್ಟೇ ಹುಟ್ಟಿದ್ದಿತು. ಆದರೆ ರೈಷನಿಗೆ ಬಣ್ಣಗಳನ್ನು ಗುರುತಿಸುವ ಶಕ್ತಿಯಿರಲಿಲ್ಲ, ಆತನು ವರ್ಣಾಂಧ. ಆದುದರಿಂದ ಗೆರೆಗಳನ್ನು ನೋಡಿ ಹೇಳುವ ಕೆಲಸವನ್ನು ಥಿಯೋಡೋರ್ ರಿಕ್ಟರ್ ಎಂಬ ಸಹಾಯಕನಿಗೆ ಒಪ್ಪಿಸಿದನು. ಥ್ಯಾಲಿಯಮ್ಮಿನ ಹಸುರು ಗೆರೆಯನ್ನು ಕಾಣಬೇಕಾದಲ್ಲಿ ರಿಕ್ಟರನು ಅದುವರೆಗೆ ಯಾರೂ ಕಂಡಿರದ ಒಂದು ಕಡುನೀಲಿ ಗೆರೆಯನ್ನು ಕಂಡನು. ಆ ಬಣ್ಣವು ನಮ್ಮ ನೀಲಿಗಿಡದ ಬಣ್ಣವನ್ನು ಹೋಲುತ್ತಿದ್ದುದರಿಂದಲೂ, ಭಾರತದಿಂದ ಬಂದುದೆಂಬ ಕಾರಣಕ್ಕೆ ಪ್ರಾಚೀನ ಯೂರೋಪಿಯನರು ನೀಲಿಗೆ ಇಂಡಿಕಂ ಎಂಬ ಹೆಸರಿಟ್ಟಿದ್ದುದರಿಂದಲೂ, ಹೊಸ ಲೋಹಕ್ಕೆ ಇಂಡಿಯಂ ಎಂಬ ನಾಮಕರಣವಾಯಿತು. ಒಬ್ಬ ವರ್ಣಾಂಧನ ಪ್ರಯೋಗಶಾಲೆಯಲ್ಲಿ ಬಣ್ಣವೊಂದರ ಹೆಸರಿನಿಂದ ಹುಟ್ಟಿದ ಈ ಲೋಹವು ಮುಂದೆ ಬಣ್ಣವೇ ಇಲ್ಲದ ವಸ್ತುವಿಗಾಗಿ ಲೋಕಪ್ರಸಿದ್ಧವಾಗಲಿದ್ದಿತು.

ನಡುವೆ ತವರದ ಸರದಿ ಬಂದಿತು. ಅಮೆರಿಕದ ಕಾರ್ನಿಂಗ್ ಗಾಜಿನ ಕಾರ್ಖಾನೆಯಲ್ಲಿ 1930ರ ದಶಕದ ಆರಂಭದಲ್ಲಿ ಲಿಟಲ್‌ಟನ್ ಎಂಬಾತನು, ಕಾದ ಗಾಜಿನ ಮೇಲೆ ತವರದ ಕ್ಲೋರೈಡನ್ನು ಹಾಯಿಸಿದರೆ ತವರದ ಆಕ್ಸೈಡಿನ ತೆಳುಪೊರೆಯು ಬೆಸೆದುಕೊಳ್ಳುವುದನ್ನೂ ಅದು ವಾಹಕವಾಗಿರುವುದನ್ನೂ ಉಪಯೋಗಕ್ಕೆ ತಂದನು. ಎರಡನೆಯ ಮಹಾಯುದ್ಧದಲ್ಲಿ ಈ ವಿದ್ಯೆಗೆ ಅನಿರೀಕ್ಷಿತವಾದ ಅಗತ್ಯವು ಒದಗಿತು. ಅತ್ಯುನ್ನತದಲ್ಲಿ ಹಾರುವ ವಿಮಾನಗಳ ಮುಂಗಾಜಿನ ಮೇಲೆ ಹಿಮವು ಹೆಪ್ಪುಗಟ್ಟಿ ಚಾಲಕನನ್ನು ಕುರುಡನನ್ನಾಗಿಸುತ್ತಿದ್ದಿತು. ತಂತಿಗಳನ್ನು ಹಾಸಿ ಕಾಯಿಸೋಣವೆಂದರೆ ತಂತಿಗಳೇ ದೃಷ್ಟಿಗೆ ಅಡ್ಡ. ತವರದ ಆಕ್ಸೈಡಿನ ಪೊರೆಯನ್ನು ಬಳಿದು, ಅದರ ಮೂಲಕ ವಿದ್ಯುತ್ತನ್ನು ಹರಿಸಿ, ಗಾಜಿಡೀ ಬೆಚ್ಚಗಾಗುವಂತೆ ಮಾಡಿದಾಗ ಹಿಮವು ಕರಗಿ ದಾರಿ ತಿಳಿಯಾಯಿತು. ಲಿಬ್ಬಿ ಓವೆನ್ಸ್ ಫೋರ್ಡ್ ಸಂಸ್ಥೆಯಲ್ಲಿ ಈ ಲೇಪವನ್ನು ಸಿದ್ಧಿಗೆ ತಂದ ಹೆರಾಲ್ಡ್ ಮೆಕ್‌ಮಾಸ್ಟರನು ತನ್ನ ಇಳಿವಯಸ್ಸಿನಲ್ಲಿ ಗಾಜಿನ ಮೇಲೆ ಸೌರಕೋಶಗಳನ್ನು ಮಾಡುವ ಉದ್ಯಮವನ್ನು ತೆರೆದನೆಂಬುದು, ಬೆಳಕನ್ನೂ ವಿದ್ಯುತ್ತನ್ನೂ ಒಂದೇ ಗಾಜಿನಲ್ಲಿ ಕೂಡಿಸುವ ಹಂಬಲವು ಆತನನ್ನು ಜೀವಮಾನವಿಡೀ ಬಿಡಲಿಲ್ಲವೆಂಬುದಕ್ಕೆ ಸಾಕ್ಷಿ. ಯುದ್ಧವು ಮುಗಿದ ಮೇಲೆ ಕಾರ್ನಿಂಗಿನ ಜಾನ್ ಮೋಚೆಲನು ಇಂಡಿಯಂ ಆಕ್ಸೈಡಿಗೆ ತವರವನ್ನು ಬೆರೆಸಿದ ಪೊರೆಗಳಿಗೆ ಪೇಟೆಂಟು ಪಡೆದನು. ಅದು ಪ್ರಕಟವಾದುದು 1951ರಲ್ಲಿ. ತೂಕದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಇಂಡಿಯಂ ಆಕ್ಸೈಡು, ಒಂದು ಪಾಲು ತವರದ ಆಕ್ಸೈಡು: ಇದೇ ಇಂದಿಗೂ ಆ ಪೊರೆಯ ಹದ.

ಈ ಹದದ ಗುಟ್ಟನ್ನು ತುಸು ಬಿಡಿಸಿ ಹೇಳುವುದು ಅವಶ್ಯ. ಅದು ತಿಳಿಯದಿದ್ದರೆ ಮುಂದಿನ ಕಥೆಯು ತಿಳಿಯುವುದಿಲ್ಲ. ಇಂಡಿಯಮ್ಮಿನ ಪರಮಾಣು ಆಕ್ಸೈಡಿನಲ್ಲಿ ಮೂರು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ತವರದ್ದು ನಾಲ್ಕನ್ನು. ಇಂಡಿಯಮ್ಮಿನ ಸ್ಥಾನದಲ್ಲಿ ತವರವು ಬಂದು ಕುಳಿತಾಗ ಒಂದು ಎಲೆಕ್ಟ್ರಾನು ಯಾರ ಹಂಗೂ ಇಲ್ಲದೆ ಉಳಿಯುತ್ತದೆ. ಪ್ರವಾಹವನ್ನು ಹೊರುವುದು ಅದೇ. ಇಂತಹ ಸ್ವತಂತ್ರ ಎಲೆಕ್ಟ್ರಾನುಗಳ ಸಂಖ್ಯೆ ತಾಮ್ರದಲ್ಲಿರುವುದರ ಸುಮಾರು ನೂರರಲ್ಲೊಂದು ಪಾಲು. ತಾಮ್ರದಲ್ಲಿ ಅವುಗಳ ದಟ್ಟಣೆಯು ಎಷ್ಟೆಂದರೆ, ಸೆಕೆಂಡಿಗೆ ನಾಲ್ಕುನೂರು ಲಕ್ಷಕೋಟಿಗೂ ಮೀರಿ ಕಂಪಿಸುವ ಬೆಳಕಿನ ಅಲೆಗೂ ಅವು ಓಗೊಟ್ಟು ಅದನ್ನು ಹಿಂದಕ್ಕೆ ತಳ್ಳಿಬಿಡುತ್ತವೆ. ವಿರಳವಾಗಿರುವ ಇಂಡಿಯಂ ಪೊರೆಯ ಎಲೆಕ್ಟ್ರಾನುಗಳಿಗೆ ಆ ತ್ವರಿತಗತಿಯನ್ನು ಅನುಸರಿಸಲಾಗದು, ಆದುದರಿಂದ ಬೆಳಕು ಹಾದುಹೋಗುತ್ತದೆ. ಬೆಳಕಿಗಿಂತ ಲಕ್ಷಾಂತರ ಪಾಲು ನಿಧಾನವಾಗಿ ಕಂಪಿಸುವ ರೇಡಿಯೋ ಅಲೆಗೆ ಮಾತ್ರ ಅವು ಲೋಹದ ಎಲೆಕ್ಟ್ರಾನುಗಳಂತೆಯೇ ಓಗೊಡುತ್ತವೆ. ಬೆಳಕಿಗೆ ಗಾಜು, ರೇಡಿಯೋಗೆ ಲೋಹ: ಇದು ಈ ವಸ್ತುವಿನ ದ್ವಿಮುಖ ಸ್ವಭಾವ. ಆದರೆ ಪಾರದರ್ಶಕತ್ವವನ್ನು ಕೊಟ್ಟದ್ದು ಎಲೆಕ್ಟ್ರಾನುಗಳ ವಿರಳತೆಯಾದುದರಿಂದ, ವಾಹಕತ್ವದಲ್ಲಿ ಆಗುವ ನಷ್ಟವನ್ನೂ ಆ ವಿರಳತೆಯೇ ನಿಶ್ಚಯಿಸುತ್ತದೆ. ಅತ್ಯುತ್ತಮವಾದ ಇಂಡಿಯಂ ಪೊರೆಯೂ ತಾಮ್ರಕ್ಕಿಂತ ಸುಮಾರು ನೂರು ಪಟ್ಟು ಹೀನವಾದ ವಾಹಕ.

ಮುಂದಿನ ಎರಡು ದಶಕಗಳಲ್ಲಿ ಈ ಕೊರತೆಯು ಯಾರನ್ನೂ ಬಾಧಿಸಲಿಲ್ಲ. 1968ರಲ್ಲಿ ಅಮೆರಿಕದ ಆರ್‌ಸಿಎ ಸಂಸ್ಥೆಯ ಜಾರ್ಜ್ ಹೈಲ್‌ಮಯರನು ದ್ರವಸ್ಫಟಿಕದ ಪ್ರದರ್ಶಕವನ್ನು ಲೋಕಕ್ಕೆ ತೋರಿಸಿದ ಮೇಲೆ, ಎರಡು ಗಾಜುಗಳ ನಡುವೆ ದ್ರವಸ್ಫಟಿಕವನ್ನಿಟ್ಟು ಅದಕ್ಕೆ ವಿದ್ಯುದೊತ್ತಡವನ್ನು ಕೊಡುವ ಕೆಲಸಕ್ಕೆ ಪಾರದರ್ಶಕ ವಾಹಕವು ಅನಿವಾರ್ಯವಾಯಿತು. ಅಲ್ಲಿ ಹರಿಯುವ ಪ್ರವಾಹವು ಅತ್ಯಲ್ಪವಾದುದರಿಂದ ಇಂಡಿಯಂ ಪೊರೆಯು ನಿರಾಯಾಸವಾಗಿ ಸಾಕಾಯಿತು. ಕೈಗಡಿಯಾರ, ಗಣಕ, ದೂರದರ್ಶನ, ಸ್ಪರ್ಶಪರದೆಯ ಫೋನು ಎಲ್ಲವೂ ಆ ದಾರಿಯಲ್ಲಿ ಬಂದವು. ನಮ್ಮ ಬೆಂಗಳೂರಿನ ಪಾಲೂ ಇಲ್ಲಿದೆ. ರಾಮನ್ ಸಂಶೋಧನ ಸಂಸ್ಥೆಯಲ್ಲಿ ಶಿವರಾಮಕೃಷ್ಣ ಚಂದ್ರಶೇಖರ್ ಅವರೂ ಅವರ ಸಹೋದ್ಯೋಗಿಗಳೂ 1977ರಲ್ಲಿ ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕವಾಗಬಲ್ಲದೆಂದು ತೋರಿಸಿಕೊಟ್ಟರು. 1991ರಲ್ಲಿ ಚಂದ್ರಶೇಖರ್ ಅವರು ಬೆಂಗಳೂರಿನಲ್ಲಿ ದ್ರವಸ್ಫಟಿಕ ಸಂಶೋಧನೆಗೆಂದೇ ಒಂದು ಕೇಂದ್ರವನ್ನು ಸ್ಥಾಪಿಸಿದರು. ಆ ಕೇಂದ್ರದ ಹೆಸರು ನಮ್ಮ ಕಥೆಯ ಕೊನೆಗೆ ಮತ್ತೆ ಬರುತ್ತದೆ.

ಫಾಸ್ಟ್ಯಾಗಿನಂತಹ ಗುರುತುಪಟ್ಟಿಯ ವಂಶಾವಳಿಯು ಬೇರೊಂದು ಕಡೆಯಿಂದ ಬರುತ್ತದೆ. 1945ರ ಆಗಸ್ಟಿನಲ್ಲಿ ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿ ಹ್ಯಾರಿಮನ್ನನಿಗೆ ಸೋವಿಯತ್ ಶಾಲಾಬಾಲಕರು ಅಮೆರಿಕದ ರಾಜಮುದ್ರೆಯನ್ನು ಮರದಲ್ಲಿ ಕೆತ್ತಿಸಿ ಕಾಣಿಕೆಯಾಗಿ ಕೊಟ್ಟರು. ಅದು ರಾಯಭಾರಿಯ ನಿವಾಸದ ಗೋಡೆಯನ್ನು ಏಳು ವರ್ಷ ಅಲಂಕರಿಸಿತು. 1952ರಲ್ಲಿ ಪರೀಕ್ಷಿಸಿದಾಗ ಅದರೊಳಗೆ ಲೆವ್ ಥೆರೆಮಿನ್ ಎಂಬ ಪ್ರತಿಭಾಶಾಲಿಯು ರಚಿಸಿದ ಲೋಹದ ಸಣ್ಣ ಡಬ್ಬಿಯೂ ಅದಕ್ಕೆ ಕೂಡಿದ ಒಂದು ಆಂಟೆನಾ ಕಡ್ಡಿಯೂ ಸಿಕ್ಕಿದವು. ಅದಕ್ಕೆ ಬ್ಯಾಟರಿಯಿಲ್ಲ, ತಂತಿಯಿಲ್ಲ. ಹೊರಗಿನಿಂದ ರೇಡಿಯೋ ಅಲೆಯನ್ನು ಬೀಸಿದಾಗ ಮಾತ್ರ ಅದು ಎಚ್ಚೆತ್ತು, ಕೋಣೆಯಲ್ಲಿ ಆಡಿದ ಮಾತಿನಿಂದ ಕಂಪಿಸುವ ತನ್ನ ಪೊರೆಯ ಮೂಲಕ ಆ ಅಲೆಯನ್ನೇ ಮಾರ್ಪಡಿಸಿ ಹಿಂದಿರುಗಿಸುತ್ತಿದ್ದಿತು. ಹ್ಯಾರಿ ಸ್ಟಾಕ್‌ಮನ್ ಎಂಬ ಎಂಜಿನಿಯರನು 1948ರಲ್ಲಿ, ಪ್ರತಿಫಲಿತ ಶಕ್ತಿಯಿಂದಲೇ ಸಂದೇಶವನ್ನು ಕಳುಹಬಹುದೆಂಬ ಈ ತತ್ತ್ವವನ್ನು ಬಹಿರಂಗವಾಗಿ ವಿವರಿಸಿದನು. 1970ರ ದಶಕದಲ್ಲಿ ಲಾಸ್ ಅಲಾಮೋಸಿನ ಸಂಶೋಧಕರು ಅದನ್ನು ಗುರುತುಹಿಡಿಯುವ ಪಟ್ಟಿಯ ರೂಪಕ್ಕೆ ತಂದರು. ಗೂಢಚಾರಿಕೆಯ ಗರ್ಭದಿಂದ ಬಂದ ಉಪಾಯವು ಇಂದು ಪುಸ್ತಕಭಂಡಾರದ ಗ್ರಂಥಕ್ಕೂ ಅಂಗಡಿಯ ಬಟ್ಟೆಗೂ ಹೆದ್ದಾರಿಯ ವಾಹನಕ್ಕೂ ಹೆಸರನ್ನು ಕೊಟ್ಟಿದೆ.

ತನ್ನದೆಂಬ ಶಕ್ತಿಯಿಲ್ಲದ ಇಂತಹ ಪಟ್ಟಿಗೆ ಆಂಟೆನಾವೇ ಕಿವಿ, ಆಂಟೆನಾವೇ ನಾಲಗೆ, ಅದೇ ಹೊಟ್ಟೆಗೆ ಅನ್ನವನ್ನು ತರುವ ಕೈ. ಅಲ್ಲಿ ಸೋರಿಹೋಗುವ ಪ್ರತಿಯೊಂದು ಕಣ ಶಕ್ತಿಯೂ ಪಟ್ಟಿಯನ್ನು ಓದಬಹುದಾದ ದೂರವನ್ನು ಕುಗ್ಗಿಸುತ್ತದೆ. ಪ್ರದರ್ಶಕಗಳಲ್ಲಿ ಜಯಶಾಲಿಯಾದ ಇಂಡಿಯಂ ಪೊರೆಯು ಇಲ್ಲಿ ಏಕೆ ಎಡವಿತೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಗಾಜಿನ ಮೇಲಿನ ಒಳ್ಳೆಯ ಪೊರೆಯೊಂದರ ರೋಧವು ಚೌಕಕ್ಕೆ ಸುಮಾರು 10 ಓಮ್. ಚೌಕವು ಚಿಕ್ಕದಾದರೂ ದೊಡ್ಡದಾದರೂ ಈ ಅಂಕಿಯು ಬದಲಾಗದು. ನಮ್ಮ ದೇಶದ ಪಟ್ಟಿಗಳು ಕೆಲಸಮಾಡುವ 865ರಿಂದ 867 ಮೆಗಾಹರ್ಟ್ಸ್ ಅಲೆಗಳಿಗೆ ಒಪ್ಪುವಂತೆ ಸುಮಾರು 160 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ಅಗಲದ ಗೆರೆಯನ್ನು ಎಳೆದರೆ ಅದರಲ್ಲಿ 80 ಚೌಕಗಳು ಸಾಲಾಗಿ ಕೂರುತ್ತವೆ. ಆ ಗೆರೆಯ ರೋಧವು 800 ಓಮ್ ಆಗುತ್ತದೆ. ತಾಮ್ರದ ಹಾಳೆಯಿಂದ ಕತ್ತರಿಸಿದ ಅದೇ ಗೆರೆಯ ರೋಧವು ಒಂದು ಓಮಿನಷ್ಟೂ ಇರದು. ಅರ್ಧತರಂಗದ ಆಂಟೆನಾವೊಂದು ಶಕ್ತಿಯನ್ನು ಆಕಾಶಕ್ಕೆ ಬಿಡುವ ಸಾಮರ್ಥ್ಯವನ್ನು ಎಂಜಿನಿಯರುಗಳು ಸುಮಾರು 73 ಓಮ್ ಎಂದು ಅಳೆಯುತ್ತಾರೆ. 73ರ ಪಕ್ಕದಲ್ಲಿ 800 ನಿಂತರೆ ಬಂದ ಶಕ್ತಿಯ ಬಹುಭಾಗವು ಪೊರೆಯನ್ನು ಬೆಚ್ಚಗಾಗಿಸುವುದರಲ್ಲಿಯೇ ವ್ಯಯವಾಗಿಬಿಡುತ್ತದೆ. ಪೊರೆಯನ್ನು ದಪ್ಪಮಾಡಿದರೆ ರೋಧವು ಇಳಿಯುವುದು ನಿಜ; ಜೊತೆಗೆ ತಿಳಿತನವೂ ಇಳಿಯುತ್ತದೆ.

ಗೆರೆಯು ಕಿರಿದಾದರೆ ನಷ್ಟವೆಂದಮೇಲೆ ಅಗಲವಾದ ತೇಪೆಯನ್ನೇ ಆಂಟೆನಾ ಮಾಡಬಾರದೇಕೆ ಎಂಬ ಆಲೋಚನೆಯು ಸಹಜವಾಗಿಯೇ ಬಂದಿತು. ಅಮೆರಿಕದ ಅಂತರಿಕ್ಷ ಸಂಸ್ಥೆಯಾದ ನಾಸಾದ ಕ್ಲೀವ್‌ಲೆಂಡ್ ಕೇಂದ್ರದಲ್ಲಿ ರೈನಿ ಸೈಮನ್ಸ್ ಮತ್ತು ರಿಚರ್ಡ್ ಲೀ ಅವರು 1997ರಲ್ಲಿ, ವಾಹಕಪೊರೆಯನ್ನು ಹೊದೆಸಿದ ತಿಳಿಯಾದ ಪಾಲಿಯೆಸ್ಟರ್ ಹಾಳೆಯಿಂದ ತೇಪೆಯಾಕಾರದ ಆಂಟೆನಾಗಳನ್ನು ಮಾಡಿ, ಅವು ಕಾರ್ಯಸಾಧ್ಯವೆಂದು ತೋರಿಸಿದರು. ಸೈಮನ್ಸ್ ಅವರು ಎಂಜಿನಿಯರಿಂಗ್ ಪದವಿಯನ್ನು ಪಡೆದುದು ನಮ್ಮ ಮೈಸೂರು ವಿಶ್ವವಿದ್ಯಾನಿಲಯದಿಂದಲೆಂಬುದನ್ನು ಇಲ್ಲಿ ಸಂತೋಷದಿಂದ ನೆನೆಯುತ್ತೇನೆ. ಸೌರಫಲಕದ ಮೇಲೆಯೂ ವಾಹನದ ಗಾಜಿನ ಮೇಲೆಯೂ ಬೆಳಕಿಗೆ ಅಡ್ಡಿಯಾಗದೆ ಆಂಟೆನಾವನ್ನು ಹರಡಬಹುದೆಂಬ ಆಸೆಗೆ ಆ ಪ್ರಯೋಗವು ಬುನಾದಿಯಾಯಿತು.

ಆದರೆ ಬಾಗುವ ಹಾಳೆಯ ಮೇಲೆ ಕೂರಬೇಕಾದ ವಾಹಕಕ್ಕೆ ಇನ್ನೊಂದು ಪರೀಕ್ಷೆಯಿದೆ. ಇಂಡಿಯಂ ಆಕ್ಸೈಡು ಮೂಲತಃ ಪಿಂಗಾಣಿಯ ಜಾತಿಯದು. ಶೇಕಡ ಎರಡರಷ್ಟು ಹಿಗ್ಗಿದರೂ ಹಪ್ಪಳದಂತೆ ಬಿರುಕುಬಿಡುತ್ತದೆ. ಅದು ಉತ್ತಮವಾಗಿ ಮೂಡಬೇಕಾದರೆ ಗಾಜನ್ನು 300 ಡಿಗ್ರಿಯಷ್ಟು ಕಾಯಿಸುವುದು ವಾಡಿಕೆ. ಆ ಶಾಖವನ್ನು ಪ್ಲಾಸ್ಟಿಕ್ ಹಾಳೆಯು ತಾಳಲಾರದು. ಸಾಲದೆಂಬಂತೆ ಇಂಡಿಯಂ ತನ್ನದೇ ಗಣಿಯಿರುವ ಲೋಹವಲ್ಲ. ಸತುವನ್ನು ಕರಗಿಸುವಾಗ ಉಪೋತ್ಪನ್ನವಾಗಿ ಸಿಕ್ಕಿದಷ್ಟೇ ಲಾಭ. ಆದುದರಿಂದ ಬದಲಿಗಳ ಅನ್ವೇಷಣೆಯು ಭರದಿಂದ ನಡೆಯಿತು. 1977ರಲ್ಲಿ ಶಿರಕಾವಾ, ಮೆಕ್‌ಡೈರ್ಮಿಡ್, ಹೀಗರ್ ಅವರು ತೋರಿಸಿದ ವಾಹಕ ಪಾಲಿಮರುಗಳು ಬಾಗುತ್ತವೆ, ಆದರೆ ರೋಧವು ಹೆಚ್ಚು. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬೇರ್ಪಡಿಸಿದ ಗ್ರಾಫೀನಿನ ಒಂದು ಪದರವು ಬೆಳಕಿನ ಶೇಕಡ 2.3ರಷ್ಟನ್ನು ಮಾತ್ರ ಹೀರುವುದಾದರೂ ಒಂದೇ ಪದರದ ರೋಧವು ಆಂಟೆನಾಕ್ಕೆ ಒಪ್ಪುವಷ್ಟು ಇಳಿಯಲಿಲ್ಲ. ಫಿಲಡೆಲ್ಫಿಯದ ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದಲ್ಲಿ 2011ರಲ್ಲಿ ಕಂಡುಹಿಡಿದ ಮ್ಯಾಕ್ಸೀನ್ ಎಂಬ ವರ್ಗದ ಟೈಟಾನಿಯಂ ಕಾರ್ಬೈಡನ್ನು ನೀರಿನಲ್ಲಿ ಕದಡಿ ಬಣ್ಣದಂತೆ ಸಿಂಪಡಿಸಿ ಆಂಟೆನಾ ಮಾಡಬಹುದೆಂಬುದು 2018ರಲ್ಲಿ ಸಿದ್ಧವಾಯಿತು.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ ಉಪಾಯವು ಬೆಂಗಳೂರಿನ ಜಕ್ಕೂರಿನಿಂದ ಬಂದುದು. ಬೇಸಗೆಯಲ್ಲಿ ನೀರಿಳಿದ ಕೆರೆಯಂಗಳವನ್ನು ಕಾಣದ ಕನ್ನಡಿಗನಿಲ್ಲ. ಕೆಸರು ಒಣಗುತ್ತ ಕುಗ್ಗಿ, ಬಿರಿದು, ಒಂದಕ್ಕೊಂದು ಕೂಡಿಕೊಂಡ ಬಿರುಕುಗಳ ಜಾಲವು ಅಂಗಳದ ಉದ್ದಗಲಕ್ಕೂ ಹಬ್ಬುತ್ತದೆ. ಇರುವೆಯೊಂದು ಬಿರುಕಿನೊಳಗೆ ಇಳಿದರೆ ಮೇಲೇರದೆಯೇ ಕೆರೆಯನ್ನು ದಾಟಬಹುದು. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಜಿ. ಯು. ಕುಲಕರ್ಣಿಯವರೂ ಅವರ ಶಿಷ್ಯರೂ ಈ ಪ್ರಕೃತಿವ್ಯಾಪಾರವನ್ನೇ ಅಚ್ಚನ್ನಾಗಿ ಬಳಸಿಕೊಂಡರು. ಒಣಗುವಾಗ ಬಿರಿಯುವಂತಹ ಲೇಪವನ್ನು ಗಾಜಿನ ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ, ಅದು ತಾನಾಗಿ ಬಿರುಕುಬಿಟ್ಟ ಮೇಲೆ ಬೆಳ್ಳಿಯನ್ನೋ ಚಿನ್ನವನ್ನೋ ತಾಮ್ರವನ್ನೋ ಅದರ ಮೇಲೆ ಆವಿಯಾಗಿ ಕೂರಿಸಿ, ಅನಂತರ ಲೇಪವನ್ನು ತೊಳೆದುಬಿಟ್ಟರೆ, ಲೋಹವು ಬಿರುಕುಗಳಿದ್ದಲ್ಲಿ ಮಾತ್ರ ಉಳಿಯುತ್ತದೆ. ಕಣ್ಣಿಗೆ ನಿಲುಕದಷ್ಟು ಸಪುರವಾದ ಆ ಲೋಹದ ಬಲೆಯು ಎಲ್ಲಿಯೂ ತುಂಡಾಗದೆ ಹಾಳೆಯಿಡೀ ಹರಡಿಕೊಂಡಿರುತ್ತದೆ. ಬಲೆಯ ಕಣ್ಣುಗಳ ಮೂಲಕ ಬೆಳಕು ನಿರಾತಂಕವಾಗಿ ಸಾಗುತ್ತದೆ. ಹಾಳೆಯು ಬಾಗಿದರೆ ಬಲೆಯೂ ಬಾಗುತ್ತದೆ. ಈ ವಿಧಾನದ ಮುಖ್ಯ ಲೇಖನಗಳು 2014ರಲ್ಲಿ ಪ್ರಕಟವಾದವು. ಕುಲಕರ್ಣಿಯವರು ಮುಂದೆ ನಿರ್ದೇಶಕರಾದುದು ಚಂದ್ರಶೇಖರ್ ಅವರು ಕಟ್ಟಿದ ಆ ದ್ರವಸ್ಫಟಿಕ ಕೇಂದ್ರಕ್ಕೇ. ಅದು ಅಷ್ಟರಲ್ಲಿ ನ್ಯಾನೋ ಮತ್ತು ಮೃದುದ್ರವ್ಯ ವಿಜ್ಞಾನಗಳ ಕೇಂದ್ರವೆಂಬ ಹೊಸ ಹೆಸರನ್ನು ತಾಳಿದ್ದಿತು.

ಇಷ್ಟನ್ನು ನೋಡಿದ ಮೇಲೆ ನನ್ನ ತೀರ್ಪು ಹೀಗಿದೆ. ಪ್ರದರ್ಶಕದ ಗಾಜಿನಲ್ಲಿ ಇಂಡಿಯಮ್ಮಿನ ಪೊರೆಗೆ ಸಲ್ಲುವ ಗೌರವವು ಯಥಾರ್ಥವಾದುದು, ಅದು ಅಲ್ಲಿಯೇ ಇರಲಿ. ಆಂಟೆನಾದ ಕೆಲಸವಾದರೋ ಲೋಹದ್ದು. ಅಲ್ಲಿ ಗಾಜನ್ನು ಲೋಹವಾಗಿಸುವ ಪ್ರಯತ್ನಕ್ಕಿಂತ ಲೋಹವನ್ನು ಬಲೆಯಾಗಿ ಹೆಣೆದು ಕಣ್ಮರೆಯಾಗಿಸುವ ಪ್ರಯತ್ನವೇ ಸಮರ್ಪಕವಾದ ದಾರಿ, ಮುಂಗಾಜಿನ ಗುರುತುಪಟ್ಟಿಯು ಎಂದಾದರೂ ನಿಜವಾಗಿ ತಿಳಿಯಾಗುವುದಿದ್ದರೆ ಆ ದಾರಿಯಿಂದಲೇ ಆಗತಕ್ಕದ್ದು.